ವೀಲ್‌ಚೇರ್ ಬಂತೆಂದರೆ ದಸರಾ, ಪರಿಷೆ ಎಲ್ಲ ಮುಗಿದಂತೆಯೇ?

ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರಗಳ ಕಾಯಿಲೆ ಇದೆ, ಕೋಲು ಹಿಡಿದು ಸ್ವಲ್ಪ ದೂರ ನಡೆಯಬಲ್ಲೆ, ಹೊರಗೆ ಹೋಗುವಾಗ ವೀಲ್‌ಚೇರ್ ಬಳಸಿ ಎಂದು ವೈದ್ಯರು ಹೇಳಿದ್ದಾರೆ, ಮೈಸೂರು ದಸರಾ ಮತ್ತು ಬಸವನಗುಡಿಯ ಕಡಲೆಕಾಯಿ ಪರಿಷೆಯನ್ನು ಎಂದೂ ತಪ್ಪಿಸಿದವಳಲ್ಲ, ಇನ್ನು ಮನೆಯಲ್ಲಿ ಕೂರುವುದೇ ಗತಿಯೇ ಎಂದು ಕೇಳಿದ್ದೀರಿ. ಕೂರಬೇಕಾಗಿಲ್ಲ. ನನಗೂ ಇದೇ ಕಾಯಿಲೆ, ನಾನೂ ಈ ಎರಡಕ್ಕೂ ಹೋಗುತ್ತೇನೆ. ಆದರೆ ಹಬ್ಬದಲ್ಲಿ ಯಾವುದು ನಮಗೆ, ಯಾವುದನ್ನು ಟಿವಿಗೆ ಬಿಡಬೇಕು ಎಂಬುದು ಮನೆ ಬಿಡುವ ಮೊದಲೇ ತೀರ್ಮಾನವಾಗಿರಬೇಕು.

ಮೊದಲು ಕುರ್ಚಿಯ ವಿಷಯ. ಸ್ವಲ್ಪ ನಡೆಯಬಲ್ಲವರೇ ಇದಕ್ಕೆ ಹೆಚ್ಚು ಹಿಂಜರಿಯುತ್ತಾರೆ. ನಮ್ಮ ಕಾಲಿನ ಶಕ್ತಿ ದಿನಗೂಲಿಯ ಹಾಗೆ. ಬೆಳಿಗ್ಗೆ ಕೈಗೆ ಬಂದದ್ದನ್ನು ಪಾರ್ಕಿಂಗ್ ಜಾಗದಿಂದ ದೇವಸ್ಥಾನದವರೆಗೆ ನಡೆದೇ ಕಳೆದರೆ ಗರ್ಭಗುಡಿಯ ಎದುರು ನಿಲ್ಲಲು ಏನೂ ಉಳಿಯುವುದಿಲ್ಲ. ನಾನು ದಾರಿಯುದ್ದಕ್ಕೂ ಕುರ್ಚಿಯಲ್ಲಿ ಹೋಗಿ, ಬೇಕಾದ ಕಡೆ ಎದ್ದು ಕೋಲು ಹಿಡಿದು ನಿಲ್ಲುತ್ತೇನೆ. ಹೀಗೆ ಎದ್ದಾಗ ಸುತ್ತಲಿನವರು ಬೆಚ್ಚಿಬೀಳುವುದುಂಟು. ದೊಡ್ಡ ಗಣಪತಿಯ ಮಹಿಮೆ ಎಂದು ಕೈಮುಗಿದವರೂ ಇದ್ದಾರೆ. ವಿವರಿಸುತ್ತಾ ನಿಲ್ಲಬೇಡಿ.

ನಮ್ಮ ನಿಜವಾದ ಶತ್ರು ಜನಸಂದಣಿಯಲ್ಲ, ಬಿಸಿಲು. ಈ ಕಾಯಿಲೆಯಲ್ಲಿ ನರತಂತುಗಳ ಮೇಲಿನ ಮಯಲಿನ್ ಎಂಬ ಹೊದಿಕೆ ಹಾಳಾಗಿರುತ್ತದೆ. ಮೈಯ ಉಷ್ಣತೆ ಅರ್ಧ ಡಿಗ್ರಿ ಏರಿದರೂ ಹಾಳಾದ ಆ ದಾರಿಯಲ್ಲಿ ಸಂಕೇತಗಳು ಮುಂದೆ ಸಾಗದೆ ನಿಲ್ಲಬಹುದು. ಕಣ್ಣು ಮಂಜಾಗುತ್ತದೆ, ಕಾಲು ಭಾರವಾಗುತ್ತದೆ. 1890ರಲ್ಲಿ ಜರ್ಮನಿಯ ಕಣ್ಣಿನ ವೈದ್ಯ ಉಹ್ಟಾಫ್ ಇದನ್ನು ಗುರುತಿಸಿದ್ದರಿಂದ ಅವರ ಹೆಸರಿನಲ್ಲೇ ಕರೆಯುತ್ತಾರೆ. ಮೈ ತಣ್ಣಗಾದರೆ ಇದು ಇಳಿಯುತ್ತದೆ. ಹೊಸ ಲಕ್ಷಣವೊಂದು 24 ಗಂಟೆ ಕಳೆದರೂ ಹೋಗದಿದ್ದರೆ ಮಾತ್ರ ಬಿಸಿಲಿನ ಮೇಲೆ ದೂರು ಹೊರಿಸದೆ ವೈದ್ಯರಿಗೆ ತಿಳಿಸಿ. ಫ್ಲಾಸ್ಕಿನಲ್ಲಿ ಐಸ್ ನೀರು, ಕುತ್ತಿಗೆಗೆ ಒದ್ದೆ ಟವೆಲ್, ಒಂದು ಛತ್ರಿ ಇದ್ದರೆ ನನಗೆ ಸಾಕಾಗುತ್ತದೆ.

ಈ ಲೆಕ್ಕದಲ್ಲಿ ಜಂಬೂಸವಾರಿ ನಮ್ಮದಲ್ಲ. ಅರಮನೆಯಿಂದ ಬನ್ನಿಮಂಟಪದವರೆಗಿನ ಸುಮಾರು ಐದು ಕಿಲೋಮೀಟರ್ ದಾರಿಯಲ್ಲಿ ಜನ ಬೆಳಿಗ್ಗೆಯೇ ಜಾಗ ಹಿಡಿದಿರುತ್ತಾರೆ, ಮೆರವಣಿಗೆ ಹೊರಡುವುದು ಮಧ್ಯಾಹ್ನದ ಮೇಲೆ. ಅಷ್ಟು ಹೊತ್ತು ಬಿಸಿಲಲ್ಲಿ ಕಾದು, ಕುರ್ಚಿಯ ಎತ್ತರದಿಂದ ಕಾಣುವುದು ಮುಂದಿನವರ ಬೆನ್ನು ಮತ್ತು ಬ್ಯಾಗು. 750 ಕಿಲೋ ತೂಕದ ಚಿನ್ನದ ಅಂಬಾರಿಯನ್ನು ದೂರದರ್ಶನ ಚಂದನದಲ್ಲಿ ನೋಡುವುದೇ ಲೇಸು. ಇದರಲ್ಲಿ ನನಗೆ ಸ್ವಲ್ಪವೂ ಬೇಸರವಿಲ್ಲ.

ಏಕೆಂದರೆ ಅದಕ್ಕಿಂತ ಚೆನ್ನಾದದ್ದು ಬೇರೆ ಇದೆ. ದಸರೆಗೆ ವಾರಗಟ್ಟಲೆ ಮೊದಲೇ ಕಾಡಿನ ಶಿಬಿರಗಳಿಂದ ಆನೆಗಳು ಮೈಸೂರಿಗೆ ಬಂದಿರುತ್ತವೆ. ಅವುಗಳಿಗೆ ಇದೇ ದಾರಿಯಲ್ಲಿ ಬೆಳಿಗ್ಗೆ ಮತ್ತು ಸಂಜೆ ತಾಲೀಮು ನಡೆಯುತ್ತದೆ. ಮೊದಲು ಬರಿಮೈಯಲ್ಲಿ, ಆಮೇಲೆ ಮರಳಿನ ಮೂಟೆ ಹೊತ್ತು, ಕೊನೆಗೆ ಮರದ ಅಂಬಾರಿ ಹೊತ್ತು ನಡೆಯುತ್ತವೆ. ಬೆಳಗಿನ ತಂಪು, ಬ್ಯಾರಿಕೇಡ್ ಇಲ್ಲ, ನೂಕುನುಗ್ಗಲಿಲ್ಲ. ಫುಟ್‌ಪಾತಿನ ಅಂಚಿನಲ್ಲಿ ಕುರ್ಚಿಯ ಬ್ರೇಕ್ ಹಾಕಿ ಕುಳಿತರೆ ಇಡೀ ಗಜಪಡೆ ಕಣ್ಣೆದುರೇ ಸಾಗುತ್ತದೆ. ಮಾವುತ ಮೆಲ್ಲಗೆ ಗದರುವುದೂ ಕೇಳಿಸುತ್ತದೆ. ಕಾಲಿದ್ದವರು ಕೂಡ ಅದನ್ನೇ ನೋಡಬೇಕು ಎಂಬುದು ನನ್ನ ಅಭಿಪ್ರಾಯ. ಇನ್ನು ಅರಮನೆಯ ದೀಪಾಲಂಕಾರಕ್ಕೆ ದಸರೆಯನ್ನೇ ಕಾಯಬೇಕಿಲ್ಲ. ಸುಮಾರು ಒಂದು ಲಕ್ಷ ಬಲ್ಬುಗಳು ಭಾನುವಾರ ಮತ್ತು ಸರ್ಕಾರಿ ರಜೆಯ ಸಂಜೆಗಳಲ್ಲೂ ಬೆಳಗುತ್ತವೆ.

ಪರಿಷೆಯಂತೂ ನಮಗೆಂದೇ ಇಟ್ಟಂತಿದೆ. ಕಾರ್ತಿಕದ ಕೊನೆಯ ಸೋಮವಾರ ಎಂದರೆ ಬೆಂಗಳೂರಿನಲ್ಲಿ ಚಳಿ ಶುರುವಾದ ಕಾಲ. ಸೋಮವಾರದ ಸಂಜೆಗೆ ಮಾತ್ರ ಹೋಗಬೇಡಿ, ಚಕ್ರ ತಿರುಗಿಸಲು ಜಾಗವಿರುವುದಿಲ್ಲ, ಜನರೇಟರಿನ ಹೊಗೆ ನೇರವಾಗಿ ಮುಖಕ್ಕೇ ಬಡಿಯುತ್ತದೆ. ಹಿಂದಿನ ಶನಿವಾರ, ಭಾನುವಾರಗಳಲ್ಲೇ ಅಂಗಡಿಗಳು ಬಂದಿರುತ್ತವೆ. ಬೆಳಿಗ್ಗೆ ಬೇಗ ಹೋಗಿ. ಹಸಿರು ಮಾರ್ಗದ ಮೆಟ್ರೊದಲ್ಲಿ ನ್ಯಾಷನಲ್ ಕಾಲೇಜು ನಿಲ್ದಾಣಕ್ಕೆ ಬಂದರೆ ಲಿಫ್ಟ್ ಇದೆ, ಅಲ್ಲಿಂದ ಆಟೋ. ಬಸವಣ್ಣನ ಗುಡಿ ಗುಡ್ಡದ ಮೇಲಿದೆ, ಮೆಟ್ಟಿಲು ಹತ್ತಬೇಕು. ನಾನು ಕೆಳಗಿನಿಂದಲೇ ಕೈಮುಗಿಯುತ್ತೇನೆ. ಆದರೆ ಕಡಲೆಕಾಯಿಯ ರಾಶಿ ಇರುವುದು ನೆಲದ ಮೇಲೆ, ವ್ಯಾಪಾರಿಯೂ ನೆಲದ ಮೇಲೆ. ಕುರ್ಚಿಯಲ್ಲಿ ಕುಳಿತವರಿಗೆ ನಿಂತವರಿಗಿಂತ ರಾಶಿ ಹತ್ತಿರ, ಚೌಕಾಸಿ ಸಲೀಸು. ರಸ್ತೆಯ ಉಬ್ಬು ಬಂದಾಗ ಕುರ್ಚಿಯನ್ನು ತಿರುಗಿಸಿ ಹಿಮ್ಮುಖವಾಗಿ ಎಳೆಯಲು ಜೊತೆಯವರಿಗೆ ಹೇಳಿಕೊಡಿ. ಮುಂದಿನ ಪುಟ್ಟ ಚಕ್ರಗಳು ಮೊದಲು ಸಿಕ್ಕಿಕೊಂಡರೆ ನೀವು ಮುಗ್ಗರಿಸುತ್ತೀರಿ.

ದೇವಸ್ಥಾನದ ಹತ್ತಿರ ಕುರ್ಚಿಯಲ್ಲಿದ್ದರೆ ಯಾರಾದರೂ ಮಡಿಲಿಗೆ ದುಡ್ಡು ಹಾಕಬಹುದು. ನನಗೊಮ್ಮೆ ಹತ್ತು ರೂಪಾಯಿಯ ನೋಟು ಬಿತ್ತು. ಕೂಗಿ ಕರೆಯುವಷ್ಟರಲ್ಲಿ ಆ ಪುಣ್ಯಾತ್ಮರು ಮರೆಯಾಗಿದ್ದರು. ಬೇಯಿಸಿದ ಕಡಲೆಕಾಯಿ ಕೊಂಡೆ.

ಶೌಚಾಲಯದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಮೂತ್ರದ ಅವಸರಕ್ಕೆ ಹೆದರಿ ನೀರನ್ನೇ ಕುಡಿಯದೆ ಹೋಗುವವರು ನಮ್ಮಲ್ಲಿ ಬಹಳ. ಅದರಿಂದ ಮೂತ್ರದ ಸೋಂಕು ಬರಬಹುದು. ಸೋಂಕಿನ ಜ್ವರಕ್ಕೆ ಹಳೆಯ ಲಕ್ಷಣಗಳೆಲ್ಲ ಎದ್ದು ಕೂರುತ್ತವೆ. ಗುಟುಕು ಗುಟುಕಾಗಿ ಕುಡಿಯಿರಿ. ಮೆಟ್ಟಿಲಿಲ್ಲದ ಒಂದು ಹೋಟೆಲನ್ನು ಮೊದಲೇ ನೋಡಿಟ್ಟುಕೊಂಡು ತಿಂಡಿಯನ್ನು ಅಲ್ಲೇ ತಿನ್ನಿ.

ಅಂಗವಿಕಲರ ಗುರುತಿನ ಚೀಟಿ ಮಾಡಿಸಿಲ್ಲದಿದ್ದರೆ ಅರ್ಜಿ ಹಾಕಿ. 2016ರ ಕಾಯ್ದೆಯ 21 ವೈಕಲ್ಯಗಳಲ್ಲಿ ನಮ್ಮ ಕಾಯಿಲೆಯ ಹೆಸರೂ ಇದೆ. ನೋಡಲು ಚೆನ್ನಾಗಿಯೇ ಇದ್ದೀರಲ್ಲ ಎನ್ನುವ ಗೇಟಿನ ಸಿಬ್ಬಂದಿಯೊಂದಿಗೆ ವಾದ ಮಾಡುವುದು ತಪ್ಪುತ್ತದೆ.

ಕುರ್ಚಿಯನ್ನು ಈಗಲೇ ಕೊಳ್ಳಬೇಡಿ. ವೈದ್ಯಕೀಯ ಸಲಕರಣೆಗಳ ಅಂಗಡಿಗಳಲ್ಲಿ ತಿಂಗಳ ಬಾಡಿಗೆಗೆ ಸಿಗುತ್ತದೆ. ಮಡಚಿದಾಗ ಆಟೋದಲ್ಲಿ ಹಿಡಿಯುತ್ತದೆಯೇ, ಜೊತೆಗೆ ಬರುವವರು ಒಬ್ಬರೇ ಎತ್ತಬಲ್ಲರೇ ಎಂದು ನೋಡಿಕೊಂಡು ತನ್ನಿ. ಪರಿಷೆಗೆ ಮೊದಲು ನಿಮ್ಮ ಬೀದಿಯ ತರಕಾರಿ ಅಂಗಡಿಯವರೆಗೆ ಅದರಲ್ಲಿ ಹೋಗಿಬನ್ನಿ. ಅಕ್ಕಪಕ್ಕದವರು ಕೇಳುವ ಪ್ರಶ್ನೆಗಳೆಲ್ಲ ಅಲ್ಲೇ ಮುಗಿಯುತ್ತವೆ.