ಆಪ್ತಸಲಹೆ ಪ್ರಕರಣ: 37 ಪುಸ್ತಕ ಬಾಕಿ

ಅವರು ಮೊದಲ ಸಲ ಬಂದಿದ್ದು ಸೆಪ್ಟೆಂಬರ್ ನಡುವೆ. ವಯಸ್ಸು ನಲವತ್ತು ದಾಟಿತ್ತು, ಲೆಕ್ಕಪತ್ರದ ಕೆಲಸ. (ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಬರೆಯೋದಕ್ಕೆ ಅವರ ಒಪ್ಪಿಗೆ ಇದೆ.) ಕೂತವರೇ ಹೇಳಿದ ಮೊದಲ ಮಾತು, "ನನಗೆ ಓದೋಕೆ ಆಗ್ತಿಲ್ಲ."

ಕಣ್ಣು ತೋರಿಸಿದ್ದೀರಾ ಎಂದು ಕೇಳಿದೆ. ತೋರಿಸಿಯಾಗಿತ್ತು, ಏನೂ ತೊಂದರೆ ಇರಲಿಲ್ಲ. ಪುಸ್ತಕ ಹಿಡಿಯೋಕೇ ಮನಸ್ಸು ಬರ್ತಿಲ್ವಾ ಎಂದೆ. "ಅಯ್ಯೋ, ದಿನಾ ಓದ್ತೀನಿ. ಈ ವರ್ಷ ಆಗಲೇ 63 ಆಯ್ತು."

63 ಪುಸ್ತಕ ಮುಗಿಸಿದವರು ಓದೋಕೆ ಆಗ್ತಿಲ್ಲ ಅನ್ನುತ್ತಿದ್ದಾರೆ. ನಗು ಬರುವಂಥ ಮಾತು. ಆದರೆ ಹೇಳುವಾಗ ಅವರ ಗಂಟಲು ಕಟ್ಟಿತ್ತು.

ಶುರುವಾಗಿದ್ದು ಸಣ್ಣದಾಗಿ. ಮೂರು ವರ್ಷದ ಹಿಂದೆ, ವರ್ಷಕ್ಕೆ 24 ಪುಸ್ತಕ ಓದುತ್ತೇನೆ ಎಂದು ತಮಗೆ ತಾವೇ ಸವಾಲು ಹಾಕಿಕೊಂಡಿದ್ದರು. ಅಕ್ಟೋಬರಿಗೇ ಮುಗಿಯಿತು. ಮರುವರ್ಷ 52. ಅದು ಮುಗಿದಿದ್ದು ಡಿಸೆಂಬರ್ 30ರ ರಾತ್ರಿ, ಕೊನೆಯ ನಾಲ್ಕು ಪುಸ್ತಕ ತೀರಾ ತೆಳ್ಳಗಿದ್ದವು. ಈ ವರ್ಷ 100. ಮೊಬೈಲಿನ ಆ್ಯಪ್ ಒಂದು ದಿನಾ ಬೆಳಗ್ಗೆ ಲೆಕ್ಕ ಒಪ್ಪಿಸುತ್ತಿತ್ತು: ನೀವು 7 ಪುಸ್ತಕ ಹಿಂದಿದ್ದೀರಿ. ಹಲ್ಲುಜ್ಜುವ ಮೊದಲು ನೋಡುತ್ತಿದ್ದುದು ಅದನ್ನೇ.

ಮೊನ್ನೆ ಮುಗಿಸಿದ ಪುಸ್ತಕದ ಬಗ್ಗೆ ಹೇಳಿ ಎಂದೆ. 212 ಪುಟ ಎಂದರು. ಕಥೆ? ಒಬ್ಬಳು ಊರು ಬಿಟ್ಟು ಹೋಗುತ್ತಾಳೆ. ಅವಳ ಹೆಸರು? ನೆನಪಾಗಲಿಲ್ಲ. ಯಾಕೆ ಬಿಟ್ಟು ಹೋದಳು? ಅದೂ ಇಲ್ಲ. ಸುಮ್ಮನಾದರು. ಆಮೇಲೆ ಒಂದೊಂದಾಗಿ ಹೊರಗೆ ಬಂತು. ಮಳೆ, ಗುಡ್ಡ, ಸಂಜೆ ಅಂತ ವರ್ಣನೆ ಬಂದರೆ ಕಣ್ಣು ತಾನಾಗಿ ಕೆಳಗೆ ಜಾರುತ್ತದೆ. ಕೇಳುವ ಪುಸ್ತಕವಾದರೆ ಎರಡು ಪಟ್ಟು ವೇಗದಲ್ಲಿ ಹಾಕುತ್ತಾರೆ. ಅಂಗಡಿಯಲ್ಲಿ ಮೊದಲು ನೋಡುವುದು ಕೊನೆಯ ಪುಟದ ಸಂಖ್ಯೆ. ವರ್ಷಗಳಿಂದ ಓದಬೇಕು ಎಂದುಕೊಂಡ 800 ಪುಟದ ಕಾದಂಬರಿಯೊಂದು ಮನೆಯಲ್ಲಿದೆ, ಮುಟ್ಟಿಲ್ಲ. ಎಷ್ಟೇ ದಪ್ಪ ಇದ್ದರೂ ಲೆಕ್ಕಕ್ಕೆ ಅದು ಒಂದೇ ಅಲ್ವಾ?

ಅವತ್ತು ಅವರ ಕೈಲಿದ್ದ ಪುಸ್ತಕದಲ್ಲಿ ಗುರುತಿಗೆ ಒಂದು ಚೀಟಿ ಇತ್ತು. ಯಾವುದೋ ಬಿಲ್ಲಿನ ಹಿಂಬದಿ. ಅದರ ಮೇಲೆ ಪೆನ್ಸಿಲಿನಲ್ಲಿ 100, ಕೆಳಗೆ 63, ಗೆರೆ, 37. 37ರ ಸುತ್ತ ಎಷ್ಟು ಸಲ ಸುತ್ತು ಎಳೆದಿದ್ದರೆಂದರೆ ಕಾಗದ ಅಲ್ಲಿ ಹೊಳೆಯುತ್ತಿತ್ತು.

ಚೀಟಿ ಮೇಜಿನ ಮೇಲಿಟ್ಟು ಉಳಿದ ಲೆಕ್ಕ ಇಬ್ಬರೂ ಸೇರಿ ಮಾಡಿದೆವು. 37 ಪುಸ್ತಕ, ಸರಾಸರಿ 220 ಪುಟ ಅಂದರೆ 8,140 ಪುಟ. ವರ್ಷದಲ್ಲಿ ಉಳಿದಿದ್ದು 107 ದಿನ. ದಿನಕ್ಕೆ 76 ಪುಟ. ಆರಾಮಾಗಿ ಓದಿದರೆ ಅವರಿಗೆ ಪುಟಕ್ಕೆ ಎರಡು ನಿಮಿಷ ಬೇಕು, ಅಂದರೆ ದಿನಕ್ಕೆ ಎರಡೂವರೆ ಗಂಟೆ. ಕೆಲಸ, ಮನೆ, ನಿದ್ದೆ ಕಳೆದು ಅವರಿಗೆ ಸಿಗುವುದು ಒಂದು ಗಂಟೆ. ಇಡೀ ದಿನ ಬೇರೆಯವರ ಲೆಕ್ಕ ತಿದ್ದುವ ಇವರು ತಮ್ಮ ಈ ಲೆಕ್ಕವನ್ನು ಒಂದು ಸಲವೂ ಪೂರ್ತಿ ಮಾಡಿರಲಿಲ್ಲ.

"ನಾನು ತುಂಬಾ ನಿಧಾನ" ಎಂದರು. ಅಲ್ಲ. ಓದಿನ ವೇಗದ ಬಗ್ಗೆ ನಡೆದ 190 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ ಮನಶ್ಶಾಸ್ತ್ರಜ್ಞ ಮಾರ್ಕ್ ಬ್ರಿಸ್‌ಬಾರ್ಟ್ 2019ರಲ್ಲಿ ಕೊಟ್ಟ ಸರಾಸರಿ ಹೀಗಿದೆ: ದೊಡ್ಡವರು ಕಥೆಯಲ್ಲದ ಇಂಗ್ಲಿಷ್ ಬರಹವನ್ನು ಮನಸ್ಸಿನಲ್ಲೇ ಓದುವಾಗ ನಿಮಿಷಕ್ಕೆ ಸುಮಾರು 238 ಪದ, ಕಥೆ ಕಾದಂಬರಿಯಾದರೆ ಸುಮಾರು 260. ವೇಗವಾಗಿ ಓದೋದು ಕಲಿಸುತ್ತೇವೆ ಅನ್ನುವ ಜಾಹೀರಾತುಗಳು ಹೇಳುವ, ನಿಮಿಷಕ್ಕೆ ಸಾವಿರ ಪದದ ವೇಗ ಓದಲ್ಲ, ಪುಟದ ಮೇಲೆ ಕಣ್ಣಾಡಿಸುವುದು. ಕನ್ನಡದಲ್ಲಂತೂ ಪದ ಎಣಿಸಿ ಹೋಲಿಸೋದೇ ಕಷ್ಟ. 'ಮನೆಯಲ್ಲಿದ್ದಾಗ' ಅನ್ನುವ ಒಂದೇ ಪದವನ್ನು ಇಂಗ್ಲಿಷಿನಲ್ಲಿ ಹೇಳೋಕೆ ನಾಲ್ಕೈದು ಪದ ಬೇಕು.

ಇಷ್ಟು ಹೊತ್ತಿಗೆ ನನಗೆ ವಿಷಯ ಗೊತ್ತಾಯಿತು ಅನ್ನಿಸಿತ್ತು. ಹೊರಡುವ ಮುಂಚೆ ಅವರು ಸುಮ್ನೆ ಎಂಬಂತೆ ಇನ್ನೊಂದು ಹೇಳಿದರು.

ಅವರಿಗೆ ಕಾಲೇಜಿನ ದಿನದಿಂದ ಒಬ್ಬ ಗೆಳತಿ. ತಿಂಗಳಿಗೊಂದು ಶನಿವಾರ ಇಬ್ಬರೂ ಬಸ್ಸು ಹತ್ತಿ ಎಲ್ಲಾದರೂ ಹೋಗುತ್ತಾರೆ. ಕೆರೆ, ತೋಟ, ಹಳೇ ಕಟ್ಟಡ. ಬೆಂಚಿನ ಮೇಲೆ ಕೂತು, ಸಂಜೆಗೆ ವಾಪಸ್. ಈ ವರ್ಷ ಅದಕ್ಕೂ ಒಂದು ಸವಾಲು ಸೇರಿತ್ತು: ಒಂದು ಜಾಗ, ಒಂದು ಪುಸ್ತಕ. ಹೋದ ಕಡೆಯೇ ಶುರು ಮಾಡಿ ಅಲ್ಲೇ ಮುಗಿಸಬೇಕು. ಹೋದ ಶನಿವಾರ ಗೆಳತಿ ಅಂದರಂತೆ, "ಮುಂದಿನ ಸಲ ನೀನೊಬ್ಬಳೇ ಹೋಗು ಕಣೆ. ನಾನು ಬಂದ್ರೂ ಒಂದೇ, ಬರದಿದ್ರೂ ಒಂದೇ."

ಫೋಟೋ ಇದೆಯೇ ಎಂದು ಕೇಳಿದೆ. ಎಂಟು ಇದ್ದವು. ಎಂಟರಲ್ಲೂ ನಡುವೆ ಪುಸ್ತಕದ ಮುಖಪುಟ, ಅಕ್ಷರ ಅಕ್ಷರ ಸ್ಪಷ್ಟ. ಹಿಂದೆ ಎಲ್ಲಾ ಮಸುಕು: ಹಸಿರು, ಬೂದು, ಒಂದರಲ್ಲಿ ನೀಲಿ. ಹಸಿರು ಏನು ಎಂದರೆ "ಯಾವುದೋ ಮರ" ಎಂದರು. ಐದನೆಯದರ ಅಂಚಿನಲ್ಲಿ ಒಂದು ಮೊಣಕೈ ಇತ್ತು. ಗೆಳತಿಯದು. ಎಂಟು ಶನಿವಾರಕ್ಕೆ ಗೆಳತಿ ಅಂತ ಸಿಕ್ಕಿದ್ದು ಅಷ್ಟೇ. ಅವರು ಆ ಮೊಣಕೈಯನ್ನು ಎರಡು ಬೆರಳಲ್ಲಿ ದೊಡ್ಡದು ಮಾಡಿ ಬಹಳ ಹೊತ್ತು ನೋಡಿದರು.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಆ್ಯಪ್ ತೆಗೆದುಹಾಕಿ, ಒಂದು ತಿಂಗಳು ಲೆಕ್ಕವೇ ಬೇಡ ಎಂದೆ. ಸಲಹೆ ಕೇಳೋಕೆ ಚೆನ್ನಾಗಿತ್ತು. ಎರಡು ವಾರ ಬಿಟ್ಟು ಬಂದಾಗ ಅವರು ಒಂದು ಪುಟವೂ ಓದಿರಲಿಲ್ಲ. ರಾತ್ರಿ ಹನ್ನೆರಡರವರೆಗೆ ಮೊಬೈಲಿನಲ್ಲಿ ಬೆರಳಾಡಿಸಿದ್ದರು. "ಲೆಕ್ಕ ಇಲ್ಲ ಅಂದ್ರೆ ಯಾಕೆ ಓದಬೇಕು ಅಂತಾನೇ ಗೊತ್ತಾಗ್ಲಿಲ್ಲ" ಎಂದರು.

ನಾನು ಅಲ್ಲಿಂದಲೇ ಶುರು ಮಾಡಬೇಕಿತ್ತು. 1973ರಲ್ಲಿ ಮನಶ್ಶಾಸ್ತ್ರಜ್ಞರಾದ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಪ್ರಕಟಿಸಿದ ಒಂದು ಪ್ರಯೋಗ ಇದೆ. ಚಿತ್ರ ಬರೆಯೋದು ಇಷ್ಟಪಡುವ ಶಿಶುವಿಹಾರದ ಮಕ್ಕಳಲ್ಲಿ ಕೆಲವರಿಗೆ, ಬರೆದರೆ ರಿಬ್ಬನ್ ಕಟ್ಟಿದ ಪ್ರಶಸ್ತಿಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಿದರು. ಒಂದೆರಡು ವಾರದ ಮೇಲೆ ಅದೇ ಪೆನ್ನುಗಳನ್ನು ಪ್ರಶಸ್ತಿಯ ಮಾತಿಲ್ಲದೆ ಮುಂದಿಟ್ಟರು. ಪ್ರಶಸ್ತಿಗಾಗಿ ಬರೆದಿದ್ದ ಮಕ್ಕಳು ಚಿತ್ರ ಬರೆಯೋಕೆ ಕಳೆದ ಹೊತ್ತು, ಪ್ರಶಸ್ತಿಯ ಸುದ್ದಿಯೇ ಇಲ್ಲದ ಮಕ್ಕಳದ್ದಕ್ಕೆ ಹೋಲಿಸಿದರೆ ಸುಮಾರು ಅರ್ಧ. ಇವರಿಗೂ ಮೂರು ವರ್ಷ ಸಂಖ್ಯೆಯೇ ಪ್ರಶಸ್ತಿಪತ್ರ. ಅದನ್ನು ನಾನು ಒಂದೇ ಸಲಕ್ಕೆ ಕಿತ್ತುಕೊಂಡಿದ್ದೆ. ಹಳೇ ಖುಷಿ ವಾಪಸ್ ಬರೋಕೆ ದಾರಿ ಮಾತ್ರ ಮಾಡಿಕೊಟ್ಟಿರಲಿಲ್ಲ.

ಆಸಕ್ತಿ ಹೀಗೆ ಪೂರ್ತಿ ಕುಸಿದರೆ ಇನ್ನೊಂದು ವಿಷಯ ವಿಚಾರಿಸಲೇಬೇಕು. ಊಟ, ನಿದ್ದೆ, ಬೇರೆ ಇಷ್ಟದ ಕೆಲಸಗಳು ಹೇಗಿವೆ? ಎರಡು ವಾರ ಅಥವಾ ಅದಕ್ಕೂ ಜಾಸ್ತಿ ಯಾವುದರಲ್ಲೂ ಮನಸ್ಸಿಲ್ಲ, ಇಲ್ಲವೇ ಹೆಚ್ಚುಕಡಿಮೆ ದಿನಾ ಮಂಕು ಅನ್ನಿಸಿದರೆ ಖಿನ್ನತೆ ಇರಬಹುದು, ಮನೋವೈದ್ಯರನ್ನು ನೋಡಬೇಕು. ಇವರಿಗೆ ಹಾಡು ಬೇಕಿತ್ತು, ಊಟ ಸೇರುತ್ತಿತ್ತು. ನಿದ್ದೆ ಕೆಟ್ಟಿದ್ದು ಮೊಬೈಲಿನಿಂದ. ಇದಕ್ಕೊಂದು ಕಾಯಿಲೆಯ ಹೆಸರಿಡುವ ಆತುರ ನನಗಿಲ್ಲ.

ಲೆಕ್ಕ ಯಾಕೆ ಅಷ್ಟು ಬೇಕಾಯಿತು ಎಂದು ಆಗ ಕೇಳಿದೆ. ತುಂಬಾ ಹೊತ್ತು ಯೋಚಿಸಿ ಹೇಳಿದರು, "ಆಫೀಸಲ್ಲಿ ಏನೂ ಮುಗಿಯಲ್ಲ. ಈ ತಿಂಗಳ ಲೆಕ್ಕ ಮುಚ್ಚೋ ಹೊತ್ತಿಗೆ ಮುಂದಿನ ತಿಂಗಳದ್ದು ಬಂದು ಕೂತಿರತ್ತೆ. ಮನೇಲೂ ಅಷ್ಟೇ. ಪುಸ್ತಕ ಆದ್ರೆ ಕೊನೇ ಪುಟ ಅಂತ ಒಂದಿರತ್ತೆ." ಅವರು ಓದಿಗಿಂತ ಹೆಚ್ಚಾಗಿ ಹುಡುಕುತ್ತಿದ್ದುದು ಈ ಮುಗಿಸಿದ ನೆಮ್ಮದಿಯನ್ನು. ಆ ಆಸೆಯಲ್ಲಿ ತಪ್ಪೇನಿದೆ? ಅಷ್ಟೂ ಭಾರವನ್ನು ಪುಸ್ತಕದ ಮೇಲೆ ಹೇರಿದ್ದೇ ತೊಡಕಾಗಿತ್ತು.

ಹಾಗಾಗಿ ಎರಡನೇ ಸಲ ಸಲಹೆ ಬದಲಾಯಿತು. ಲೆಕ್ಕ ಇರಲಿ, ಎಣಿಸುವ ವಸ್ತು ಬೇರೆ ಆಗಲಿ ಎಂದೆ. ಒಂದು ಸಣ್ಣ ನೋಟ್‌ಬುಕ್, ದಿನಕ್ಕೆ ಒಂದು ಸಾಲು: ಇವತ್ತು ಓದಿದ್ದರಲ್ಲಿ ಎಲ್ಲಿ ನಿಂತೆ? ತಡೆದು ನಿಲ್ಲಿಸಿದ ವಾಕ್ಯ, ಸಿಟ್ಟು ಬರಿಸಿದ ಪಾತ್ರ, ಅರ್ಥವಾಗದ ಪದ, ಯಾವುದಾದರೂ ಸರಿ. ಪುಟಸಂಖ್ಯೆ ಮಾತ್ರ ಬರೆಯುವ ಹಾಗಿಲ್ಲ. ಒಂದು ಪುಟವನ್ನೇ ಮೂರು ಸಲ ಓದಿದರೂ ಸಾಲು ಸಿಗುತ್ತದೆ. ಧಾವಿಸಿದರೆ ಸಿಗೋದೇ ಇಲ್ಲ.

ಬಿಟ್ಟ ಪುಸ್ತಕಗಳಿಗೂ ಒಂದು ಪಟ್ಟಿ ಮಾಡಿ ಎಂದೆ. ಐವತ್ತು ಪುಟ ಓದಿದರೂ ಮನಸ್ಸಿಗೆ ಹತ್ತಿರವಾಗದ ಪುಸ್ತಕವನ್ನು ಮುಚ್ಚಿ, ಯಾಕೆ ಬಿಟ್ಟೆ ಎಂದು ಒಂದು ಸಾಲು ಬರೆಯಬೇಕು. ದುಡ್ಡು ಕೊಟ್ಟಾಗಿದೆ, ಅರ್ಧ ಓದಾಗಿದೆ ಎಂದು ಎಳೆಯುತ್ತಾ ಹೋದರೆ ಹೋದ ಹೊತ್ತಿನ ಜೊತೆ ಬರುವ ಹೊತ್ತೂ ಹೋಗುತ್ತದೆ. ಇದು ಅವರಿಗೆ ಎಲ್ಲಕ್ಕಿಂತ ಕಷ್ಟ ಆಯಿತು. ಮೊದಲ ಪುಸ್ತಕ ಬಿಡೋಕೆ ಹನ್ನೊಂದು ದಿನ ತೆಗೆದುಕೊಂಡರು.

ಆ 800 ಪುಟದ ಕಾದಂಬರಿಯನ್ನು ಈಗಲೇ ಶುರು ಮಾಡಿ ಎಂದಾಗ ಜಗಳವೇ ಆಡಿದರು. "ಅದು ಹಿಡಿದ್ರೆ ವರ್ಷ ಮುಗಿಯತ್ತೆ!" ಮುಗಿಯಲಿ ಬಿಡಿ ಎಂದೆ.

ಶನಿವಾರದ ವಿಷಯಕ್ಕೆ ಜಾಸ್ತಿ ಹೊತ್ತು ಕೊಟ್ಟೆವು. ಮನಶ್ಶಾಸ್ತ್ರಜ್ಞರಾದ ರೇಚಲ್ ಮತ್ತು ಸ್ಟೀಫನ್ ಕ್ಯಾಪ್ಲಾನ್ 1989ರಲ್ಲಿ ವಿವರವಾಗಿ ಮಂಡಿಸಿದ ವಿಚಾರ ಇಲ್ಲಿ ಕೆಲಸಕ್ಕೆ ಬಂತು. ಒಂದೇ ಕಡೆ ಗಮನ ಹಿಡಿದಿಡುವ ಶಕ್ತಿ ದುಡಿದು ದಣಿಯುತ್ತದೆ. ಅಲುಗುವ ಎಲೆ, ಹರಿಯುವ ನೀರು, ಮೋಡ, ಇವು ಗಮನವನ್ನು ಮೆಲ್ಲಗೆ ಸೆಳೆಯುತ್ತವೆ, ಜಗ್ಗುವುದಿಲ್ಲ. ಅಷ್ಟು ಹೊತ್ತು ದಣಿದ ಶಕ್ತಿ ಸುಧಾರಿಸಿಕೊಳ್ಳುತ್ತದೆ. ಇವರು ಕೆರೆಯ ದಂಡೆಗೆ ಹೋಗಿಯೂ ಅದೇ ದಣಿದ ಎತ್ತನ್ನು ಮತ್ತೆ ನೇಗಿಲಿಗೆ ಕಟ್ಟುತ್ತಿದ್ದರು.

ಪುಸ್ತಕ ಮನೆಯಲ್ಲಿ ಬಿಟ್ಟು ಹೋಗಿ ಎಂದು ಮಾತ್ರ ಹೇಳಲಿಲ್ಲ, ಹಳೇ ಪಾಠ ನೆನಪಿತ್ತು. ಒಯ್ಯಿರಿ, ಆದರೆ ಆಗಲೇ ಅರ್ಧ ಓದಿರುವುದನ್ನು ಒಯ್ಯಿರಿ, ಅಲ್ಲಿ ಮುಗಿಸುವ ಮಾತೇ ಬೇಡ. ಮೊದಲ ಒಂದು ಗಂಟೆ ಅದು ಚೀಲದಲ್ಲೇ ಇರಲಿ. ಆಮೇಲೆ ಬೇಕೆನಿಸಿದರೆ ಗೆಳತಿಯನ್ನು ಕೇಳಿ ತೆಗೆಯಿರಿ. ಮತ್ತೆ, ಹೋಗುವ ಜಾಗ ಈ ಸಲ ಗೆಳತಿ ಆರಿಸಲಿ. "ಅವಳು ಬರ್ತಾಳೋ ಇಲ್ವೋ" ಎಂದರು. ಸಮಜಾಯಿಷಿ ಬೇಡ, ಆ ಮೊಣಕೈ ಫೋಟೋ ಕಳಿಸಿ, 'ನಿನ್ನದು ಇಷ್ಟೇ ಇದೆ, ಕ್ಷಮಿಸು' ಎಂದು ಬರೆಯಿರಿ ಎಂದೆ. ಕಳಿಸಿದರು. ಗೆಳತಿ ಇನ್ನೊಂದು ಮೊಣಕೈಯ ಫೋಟೋ ವಾಪಸ್ ಕಳಿಸಿದರಂತೆ.

ಜನವರಿಯಲ್ಲಿ ಬಂದಾಗ ವರ್ಷದ ಲೆಕ್ಕ 68ಕ್ಕೆ ನಿಂತಿತ್ತು. ಬಿಟ್ಟಿದ್ದು 9. ದಪ್ಪ ಕಾದಂಬರಿಯ 430ನೇ ಪುಟದಲ್ಲಿದ್ದರು. ಅದರಲ್ಲಿ ಬರುವ ಒಬ್ಬ ಮುದುಕಿಯ ಬಗ್ಗೆ ಹತ್ತು ನಿಮಿಷ ಹೇಳಿದರು. ಹೆಸರು, ಊರು, ಅವಳು ಸೊಸೆಯ ಮೇಲೆ ಮುನಿಸಿಕೊಂಡಿದ್ದು ಯಾಕೆ, ಎಲ್ಲಾ. ಡಿಸೆಂಬರ್ ಕೊನೆಯ ವಾರ ಮಾತ್ರ ಸುಲಭ ಇರಲಿಲ್ಲ. 29ನೇ ತಾರೀಕು ರಾತ್ರಿ ಮೂರು ತೆಳ್ಳನೆಯ ಪುಸ್ತಕ ಒಟ್ಟಿಗೆ ತೆಗೆದು ಕೂತಿದ್ದರಂತೆ. ಒಂದನ್ನು ಮುಗಿಸಿಯೂ ಬಿಟ್ಟರು. ಪರವಾಗಿಲ್ಲ ಎಂದೆ.

ಮುದುಕಿಯ ಮಾತೊಂದನ್ನು ಓದಿ ತೋರಿಸೋಕೆ ಪುಸ್ತಕ ತೆರೆದಾಗ ಗುರುತಿಗೆ ಅದೇ ಚೀಟಿ ಇತ್ತು, 37ರ ಸುತ್ತ ಅದೇ ಹೊಳಪು. ಬಿಲ್ಲಿನ ಅಂಚಿನ ಖಾಲಿ ಜಾಗದಲ್ಲಿ ಬೇರೆ ಯಾರದೋ ಕೈಬರಹದಲ್ಲಿ ಬಸ್ಸಿನ ಸಮಯ ಬರೆದಿತ್ತು.

"ಈ ವರ್ಷ ಎಷ್ಟು ಅಂತ ಇನ್ನೂ ಹಾಕಿಲ್ಲ" ಎಂದರು ಎದ್ದು ನಿಲ್ಲುತ್ತಾ. "ಆದ್ರೆ ಡಿಸೆಂಬರ್ ಬಂದ್ರೆ ಎದೆ ಢವಢವ ಅನ್ನತ್ತೆ. ಬರ್ಲಾ?"

ಬನ್ನಿ ಎಂದೆ. ನವೆಂಬರ್ ಕೊನೆಯ ವಾರಕ್ಕೆ ಒಂದು ದಿನ ಗೊತ್ತು ಮಾಡಿದೆವು. ಶನಿವಾರ ಬೇಡ ಎಂದು ಅವರೇ ಹೇಳಿದರು.