ಹಳೆ ಶಾಪಿಂಗ್ ಮಾಲ್‌ನಲ್ಲಿ ಅಂಗಡಿ ಅಗ್ಗವಾಗಿರುವುದು ಯಾಕೆ?

ಎರಡನೇ ಮಹಡಿಯಲ್ಲಿ 200 ಚದರಡಿ ಅಂಗಡಿ ಅರ್ಧ ಬೆಲೆಗೆ ಬಂದಿದೆ, ಕೊಳ್ಳಲೇ ಅಂತ ಕೇಳಿದ್ದೀರಿ. ಅದೇ ಮಾಲಿನ ಸಿನಿಮಾ ಮುಚ್ಚಿದೆ ಅಂತಲೂ ಬರೆದಿದ್ದೀರಿ. ಉತ್ತರ ಅಲ್ಲೇ ಇದೆ. ಮೇಲಿನ ಮಹಡಿಗೆ ಜನರನ್ನು ಹತ್ತಿಸುವುದು ಸಿನಿಮಾ ಮತ್ತು ಫುಡ್ ಕೋರ್ಟ್. ಅವು ಹೋದರೆ ಮೊದಲು ಸಾಯುವುದು ನಡುವಿನ ಮಹಡಿಗಳು.

200 ಅನ್ನುವುದು ಬಹುಶಃ ಸೂಪರ್ ಬಿಲ್ಟ್-ಅಪ್, ಅಂದರೆ ಓಡಾಡುವ ಜಾಗ, ಲಿಫ್ಟು, ಮೆಟ್ಟಿಲುಗಳ ಪಾಲೂ ಸೇರಿಸಿದ ಅಳತೆ. ಟೇಪ್ ಹಿಡಿದು ಒಳಗೆ ಅಳೆಯಿರಿ, 110 ಸಿಕ್ಕರೂ ಆಶ್ಚರ್ಯವಿಲ್ಲ. ನಿರ್ವಹಣಾ ಶುಲ್ಕ ಮಾತ್ರ ಪೂರ್ತಿ 200ಕ್ಕೇ ಬೀಳುತ್ತದೆ. ಚದರಡಿಗೆ 15 ರೂಪಾಯಿ ಅಂತಿಟ್ಟುಕೊಳ್ಳಿ: ತಿಂಗಳಿಗೆ 3,000, ಅದರ ಮೇಲೆ 18% ಜಿಎಸ್‌ಟಿ ಸೇರಿ 3,540. ಶಟರ್ ಎಳೆದಿದ್ದರೂ ಕಟ್ಟಬೇಕು.

ಅಂಗಡಿಗಳನ್ನು ಬಿಡಿಬಿಡಿಯಾಗಿ ಮಾರಿ ಮಾಲಿಕರು ನೂರು ಜನ ಆಗಿದ್ದರೆ ಇನ್ನೂ ಕಷ್ಟ. ಅರ್ಧ ಜನ ಶುಲ್ಕ ಕಟ್ಟುವುದಿಲ್ಲ, ಮಾಲಿಕರ ಸಂಘದ ಬಳಿ ಚಿಲ್ಲರ್ (ಇಡೀ ಕಟ್ಟಡದ ಎಸಿಗೆ ತಂಪು ಕೊಡುವ ಯಂತ್ರ) ರಿಪೇರಿಗೆ ದುಡ್ಡಿರುವುದಿಲ್ಲ, ಎಸಿ ನಿಲ್ಲುತ್ತದೆ, ಎಸ್ಕಲೇಟರ್ ಬರೀ ಮೆಟ್ಟಿಲಾಗುತ್ತದೆ. ಒಟ್ಟಾಗಿ ಒಬ್ಬ ದೊಡ್ಡ ಬಾಡಿಗೆದಾರನನ್ನು ತರೋಣ ಅಂದರೂ ಸಹಿ ಕೂಡಿಬರುವುದಿಲ್ಲ. ಕೆಲವು ಮಾಲುಗಳಲ್ಲಿ ಅಂಗಡಿಗಳನ್ನು ಬಿಡಿಬಿಡಿಯಾಗಿ ಮಾರದೆ ಬಾಡಿಗೆಗೆ ಕೊಡುತ್ತಾರೆ. ಅಲ್ಲಿ ಯಾವ ಅಂಗಡಿ ಎಲ್ಲಿರಬೇಕು ಅನ್ನುವುದು ಒಂದೇ ಕೈಯಲ್ಲಿರುತ್ತದೆ.

ಆದರೂ ಮನಸ್ಸಿದ್ದರೆ, ಮಂಗಳವಾರ ಸಂಜೆ ನಾಲ್ಕಕ್ಕೆ ಹೋಗಿ ಮುಚ್ಚಿದ ಶಟರ್ ಎಣಿಸಿ. ಭಾನುವಾರ ಬೇಡ, ಆವತ್ತು ಎಲ್ಲ ಮಾಲೂ ಚೆನ್ನಾಗೇ ಕಾಣುತ್ತದೆ. ಋಣಭಾರ ಪ್ರಮಾಣಪತ್ರ, ಖಾತೆ, ಅಗ್ನಿಶಾಮಕ ಇಲಾಖೆಯ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ನೋಡಿ. ಸಂಘದಿಂದ ಬಾಕಿ ಇಲ್ಲವೆಂಬ ಪತ್ರ ಕೈಗೆ ಬರುವ ತನಕ ಮುಂಗಡ ಕೊಡಬೇಡಿ. ಇಲ್ಲದಿದ್ದರೆ ಹಳೆ ಬಾಕಿಯನ್ನು ನಿಮ್ಮ ತಲೆಗೇ ಕಟ್ಟಬಹುದು.