ಮಾವನ ಹಳೇ ಗಾಲ್ಫ್ ಐರನ್ ಇಟ್ಟುಕೊಳ್ಳಲಾ, ಹೊಸ ಸೆಟ್ ಕೊಳ್ಳಲಾ?

ನೀವು ಹಾಸನದವರು, ಆರು ತಿಂಗಳಿಂದ ಚಿಕ್ಕಮಗಳೂರಿಗೆ ಬಂದು ಗಾಲ್ಫ್ ಕಲಿಯುತ್ತಿದ್ದೀರಿ. ಮಾವ ಕೊಟ್ಟ ಎಂಬತ್ತರ ದಶಕದ, ತೆಳು ಲೋಹದ ತಲೆಯ, ಹಿಂಬದಿ ಕೊರೆಯದ ಬ್ಲೇಡ್ ಐರನ್‌ಗಳಿವೆ. ಬೆಂಗಳೂರಿನ ಅಂಗಡಿಯಲ್ಲಿ ಹೊಸ 7 ಐರನ್ ಹೊಡೆದು ನೋಡಿದಾಗ ಚೆಂಡು 20 ಗಜ ಮುಂದೆ ಹೋಯಿತು, ಆ ಸೆಟ್ ತಗೊಳ್ಳಲಾ ಅಂತ ಕೇಳಿದ್ದೀರಿ.

ಆ 20 ಗಜ ನೋಡಿ ಮಾತ್ರ ತಗೊಳ್ಳಬೇಡಿ. ಕೋಲಿನ ಮೇಲಿರುವ 7 ಅನ್ನೋದು ಬರೀ ಹೆಸರು. ನೋಡಬೇಕಾದ್ದು ಲಾಫ್ಟ್, ಅಂದರೆ ಚೆಂಡಿಗೆ ತಾಗುವ ಮುಖ ಎಷ್ಟು ಹಿಂದಕ್ಕೆ ವಾಲಿದೆ ಅನ್ನೋದು. ನಂಬರ್ ಕಡಿಮೆಯಾದಷ್ಟೂ ಲಾಫ್ಟ್ ಕಡಿಮೆ, ಚೆಂಡು ಹೆಚ್ಚು ದೂರ. ನಿಮ್ಮ ಮಾವನ ಕಾಲದ 7 ಐರನ್‌ಗೆ ಸುಮಾರು 35 ಡಿಗ್ರಿ ಇರುತ್ತಿತ್ತು. ಈಗ ಹೊಸಬರಿಗೆ ಅಂತ ಮಾಡುವ ಎಷ್ಟೋ ಸೆಟ್‌ಗಳಲ್ಲಿ 28ರಿಂದ 30. ಹಳೇ ಲೆಕ್ಕದಲ್ಲಿ ಅದು 5 ಅಥವಾ 6 ಐರನ್. ದೂರ ಹೋಗದೆ ಇನ್ನೇನು! ಅದರ ಬೆಲೆಯನ್ನು ಇನ್ನೊಂದು ಕಡೆ ತೆರುತ್ತೀರಿ. ಇಂಥ ಸೆಟ್‌ನಲ್ಲಿ ಹತ್ತಿರದ ಹೊಡೆತಕ್ಕಿರುವ ಪಿಚಿಂಗ್ ವೆಜ್ 43-44 ಡಿಗ್ರಿಗೆ ಇಳಿದಿರುತ್ತದೆ, ಮರಳುಗುಂಡಿಯಿಂದ ಚೆಂಡು ಎತ್ತುವ ಸ್ಯಾಂಡ್ ವೆಜ್ ಮಾತ್ರ 56ರಲ್ಲೇ ಇರುತ್ತದೆ. ನಡುವೆ 12-13 ಡಿಗ್ರಿ ಖಾಲಿ. ಅದನ್ನು ತುಂಬಲು ಗ್ಯಾಪ್ ವೆಜ್ ಬೇಕೇ ಬೇಕು. ಸೆಟ್ ಜೊತೆ ಬರುತ್ತದಾ ಅಂತ ಮೊದಲೇ ಕೇಳಿ.

ಹಾಗಂತ ಬ್ಲೇಡ್‌ನಲ್ಲೇ ಮುಂದುವರಿಯಿರಿ ಅಂತಲೂ ಹೇಳುವುದಿಲ್ಲ. ಅಡ್ಡೆಯ ಎರಡೂ ತುದಿಗೆ ನೀರಿನ ಕೊಡ ಕಟ್ಟಿ ಹೊತ್ತವರನ್ನು ನೋಡಿದ್ದೀರಲ್ವಾ? ಅಡ್ಡೆ ಸುಲಭಕ್ಕೆ ತಿರುಗುವುದಿಲ್ಲ. ಕ್ಯಾವಿಟಿ ಬ್ಯಾಕ್ ಐರನ್ ಇರುವುದೂ ಹೀಗೇ. ಹಿಂಬದಿ ಕೊರೆದು ಆ ತೂಕವನ್ನು ಅಂಚಿಗೆ ಸರಿಸಿರುತ್ತಾರೆ. ಚೆಂಡು ನಡುವೆ ತಾಗದಿದ್ದರೂ ತಲೆ ಅಷ್ಟಾಗಿ ತಿರುಚಿಕೊಳ್ಳುವುದಿಲ್ಲ. ಪಿಂಗ್ ಕಂಪನಿ ಕಟ್ಟಿದ ಕಾರ್ಸ್ಟನ್ ಸೋಲ್ಹೈಮ್ ಎಂಜಿನಿಯರ್ ಆಗಿದ್ದವರು. ಈ ತರಹದ ಐರನ್ ಮನೆಮಾತಾಗಿದ್ದು ಅವರಿಂದ. 1982ರಲ್ಲಿ ಬಂದ ಅವರ ಐ-2 (Eye2) ಸೆಟ್‌ಗಳನ್ನು ಈಗಲೂ ಇಟ್ಟುಕೊಂಡು ಆಡುವವರಿದ್ದಾರೆ.

ನಿಮಗೆ ಎಷ್ಟು ಸಹಾಯ ಬೇಕು ಅನ್ನೋದನ್ನು ನೀವೇ ಪರೀಕ್ಷೆ ಮಾಡಬಹುದು. ಐರನ್ ಮುಖಕ್ಕೆ ತೆಳ್ಳಗೆ ಟಾಲ್ಕಂ ಪೌಡರ್ ಸವರಿ ಹತ್ತು ಚೆಂಡು ಹೊಡೆಯಿರಿ. ಪ್ರತಿ ಸಲ ಪೌಡರ್ ಅಳಿಸಿಹೋದ ದುಂಡನೆ ಗುರುತು ನೋಡಿ, ಒರೆಸಿ, ಮತ್ತೆ ಹಚ್ಚಿ. ನಾನು ಮೊದಲ ಸಲ ಮಾಡಿದಾಗ ಏಳು ಗುರುತು ತುದಿಯ ಕಡೆಗೇ ಇದ್ದವು. ಅದುವರೆಗೆ ನಡುವೆಯೇ ಹೊಡೆಯುತ್ತಿದ್ದೇನೆ ಅಂತಲೇ ನಂಬಿದ್ದೆ. ಅವತ್ತೇ ಬ್ಲೇಡ್ ಬಿಟ್ಟೆ.

ಆಮೇಲೆ ಶಾಫ್ಟ್, ಅಂದರೆ ಕೋಲಿನ ದಂಡ. ನನ್ನ ಮೊದಲ ಹೊಸ ಸೆಟ್‌ನಲ್ಲಿ ತಪ್ಪಾಗಿದ್ದು ಇಲ್ಲೇ. ಅಂಗಡಿಯವರು ನನ್ನ ಸ್ವಿಂಗ್ ನೋಡದೆ, ಎತ್ತರ ಕೇಳಿ ಸ್ಟಿಫ್, ಅಂದರೆ ಕಡಿಮೆ ಬಾಗುವ ಸ್ಟೀಲ್ ಶಾಫ್ಟ್ ಕೊಟ್ಟರು. ಚೆಂಡು ಮೇಲೇಳಲಿಲ್ಲ, ಬಲಕ್ಕೇ ಓಡುತ್ತಿತ್ತು. ಒಂದು ಸೀಸನ್ ಪೂರ್ತಿ ನನ್ನ ಸ್ವಿಂಗೇ ಸರಿಯಿಲ್ಲ ಅಂದುಕೊಂಡು ಒದ್ದಾಡಿದೆ. ನಿಧಾನ ಸ್ವಿಂಗ್ ಇದ್ದರೆ ರೆಗ್ಯುಲರ್ ಸಾಕು. ಮೊಣಕೈ ನೋವಿದ್ದರೆ ಗ್ರ್ಯಾಫೈಟ್ ನೋಡಿ, ಹಗುರ, ಅದುರುವುದೂ ಕಡಿಮೆ. ಕೋಲಿನ ಉದ್ದ ಗೊತ್ತುಮಾಡಲೂ ನಿಮ್ಮ ಎತ್ತರವೊಂದೇ ಸಾಲದು. ಶೂ ಹಾಕಿ ನೇರ ನಿಂತು, ಕೈ ಇಳಿಬಿಟ್ಟು, ಮಣಿಕಟ್ಟಿನಿಂದ ನೆಲಕ್ಕೆ ಎಷ್ಟು ಇಂಚು ಅಂತ ಅಳೆಸಿ.

ಲೈ ಕೋನ, ಅಂದರೆ ನೆಲಕ್ಕೂ ದಂಡಕ್ಕೂ ನಡುವಿನ ಕೋನ ನೋಡಲು ಚೆಂಡಿನ ಮೇಲೆ ಬಿಳಿ ಬೋರ್ಡಿಗೆ ಬರೆಯುವ ಮಾರ್ಕರ್‌ನಲ್ಲಿ ನೆಟ್ಟಗೆ ಒಂದು ಗೆರೆ ಎಳೆದು, ಗೆರೆ ಐರನ್ ಕಡೆಗಿರುವಂತೆ ಇಟ್ಟು ಹೊಡೆಯಿರಿ. ಗೆರೆ ಮುಖದ ಮೇಲೆ ಅಚ್ಚಾಗುತ್ತದೆ. ನೆಟ್ಟಗಿದ್ದರೆ ಸರಿ, ವಾಲಿದ್ದರೆ ಕೋನ ಬಗ್ಗಿಸಿಕೊಡಲು ಹೇಳಿ. ಬಗ್ಗಿಸಲು ಫೋರ್ಜ್ಡ್, ಅಂದರೆ ಬಡಿದು ಮಾಡಿದ ಐರನ್ ಸಲೀಸು, ಎರಕದ್ದು ಅಷ್ಟು ಸುಲಭವಲ್ಲ.

ನಮ್ಮ ಕಡೆಯ ನೆಲವನ್ನೂ ಲೆಕ್ಕಕ್ಕೆ ತಗೊಳ್ಳಿ. ಮಳೆಗಾಲದಲ್ಲಿ ಮಣ್ಣು ಮೆತ್ತಗಾಗಿ ತೆಳು ತಳದ, ಅಂದರೆ ತೆಳು ಸೋಲ್‌ನ ಬ್ಲೇಡ್ ಹಾರೆ ಹಾಗೆ ಇಳಿದುಬಿಡುತ್ತದೆ. ಮಾರ್ಚ್ ಹೊತ್ತಿಗೆ ಅದೇ ನೆಲ ಗಟ್ಟಿ. ಆಗ ತೀರಾ ಅಗಲದ ಸೋಲ್ ನೆಲಕ್ಕೆ ಪುಟಿದು ಚೆಂಡಿನ ಹೊಟ್ಟೆಗೆ ಬಡಿಯುತ್ತದೆ. ಅದಕ್ಕೇ ನಾನು ಮಧ್ಯಮ ಅಗಲದ್ದನ್ನೇ ಹೇಳುವುದು.

ನಿಮ್ಮ ಜಾಗದಲ್ಲಿ ನಾನಿದ್ದರೆ ಮೂರ್ನಾಲ್ಕು ವರ್ಷ ಹಳೆಯ ಸೆಕೆಂಡ್ ಹ್ಯಾಂಡ್ ಕ್ಯಾವಿಟಿ ಬ್ಯಾಕ್, 6ರಿಂದ ಪಿಚಿಂಗ್ ವೆಜ್‌ವರೆಗೆ, ಜೊತೆಗೊಂದು ಗ್ಯಾಪ್ ವೆಜ್ ತಗೊಳ್ಳುತ್ತಿದ್ದೆ. 4, 5 ಐರನ್ ಬದಲು ದಪ್ಪ ತಲೆಯ, ಹೊಡೆಯಲು ಸುಲಭವಾದ ಒಂದು ಹೈಬ್ರಿಡ್. ಬ್ಯಾಗಿನಲ್ಲಿ 14 ಕೋಲಿಗಿಂತ ಜಾಸ್ತಿ ಇರಬಾರದು ಅಂತ ನಿಯಮ, 14 ಇರಲೇಬೇಕು ಅಂತೇನಿಲ್ಲ. ಮುಖದ ಮೇಲಿನ ಗೀರು, ಅಂದರೆ ಗ್ರೂವ್ ಸವೆದಿಲ್ಲ ಅಂತ ಉಗುರಾಡಿಸಿ ನೋಡಿ. ಹಿಡಿಯ ಗ್ರಿಪ್ ಹಳತಾಗಿ ಗಟ್ಟಿಯಾಗಿದ್ದರೆ ಚಿಂತೆ ಬೇಡ, ಬದಲಾಯಿಸಬಹುದು.

ಮಾವನ ಸೆಟ್ ಮಾತ್ರ ಮಾರಬೇಡಿ. ಅದರ 9 ಐರನ್ ಬ್ಯಾಗಿನಲ್ಲಿಟ್ಟುಕೊಂಡು, ಪ್ರಾಕ್ಟೀಸ್ ಶುರುವಿನಲ್ಲಿ ಹತ್ತು ಚೆಂಡು ಹೊಡೆಯಿರಿ. ನಡುವೆ ತಾಗಿದರೆ ಕೈಗೆ ಏನೂ ಗೊತ್ತಾಗುವುದಿಲ್ಲ, ತಪ್ಪಿದರೆ ಬೆರಳು ಜುಮ್ ಅನ್ನುತ್ತದೆ. ಆಟ ಮುಗಿದ ಮೇಲೆ ಒರೆಸಿ, ಒಣಗಿಸಿಯೇ ಬ್ಯಾಗಿಗೆ ಹಾಕಿ. ಕ್ರೋಮ್ ಸವೆದ ಜಾಗಕ್ಕೆ ನಮ್ಮ ಮಲೆನಾಡಿನ ತೇವದಲ್ಲಿ ಬೇಗ ತುಕ್ಕು ಹತ್ತುತ್ತದೆ.